ಬಿಳಿ ಇಲಿಯ ಬೆದೆ, ನಮ್ಮೂರಿನ ಛಾಯಾ ಮಾತ್ರೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ತಾಯಿಯಾದರೂ ಸರಿ, ಇನ್ನೊಂದು ಮಗು ಸದ್ಯಕ್ಕೆ ಬೇಡ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ, ಅವಳಿಗೆ ಹೇಳುವ ಆಯ್ಕೆಗಳಲ್ಲಿ ‘ಛಾಯಾ’ ಮಾತ್ರೆಯೂ ಒಂದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ಅದೇ ಊರಿನಲ್ಲಿ ಮದುವೆಯಾಗಿ ವರ್ಷಗಳು ಕಳೆದರೂ ಬಸಿರಾಗದ ಇನ್ನೊಬ್ಬಳು ತಜ್ಞರ ಬಳಿ ಹೋದರೆ, ಅವರು ಬರೆದುಕೊಡುವ ಚೀಟಿಯಲ್ಲಿ ಕ್ಲೋಮಿಫೀನ್ ಎಂಬ ಮಾತ್ರೆ ಇರಬಹುದು. ಕೊಟ್ಟಿಗೆಯ ಹಸು, ಎಮ್ಮೆ ಬೆದೆಗೆ ಬಾರದಾಗ ಪಶುವೈದ್ಯರು ಬಳಸುವ ಮದ್ದುಗಳಲ್ಲೂ ಅದು ಉಂಟು. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಎಷ್ಟೋ ಹೆಂಗಸರು ಐದು ವರ್ಷ, ಕೆಲವರು ಹತ್ತು ವರ್ಷ, ದಿನವೂ ಟ್ಯಾಮಾಕ್ಸಿಫೆನ್ ನುಂಗುತ್ತಾರೆ.

ಒಂದು ಬಸಿರು ತಡೆಯುವ ಮಾತ್ರೆ, ಒಂದು ಬಸಿರಾಗಲು ನೆರವಾಗುವ ಮಾತ್ರೆ, ಮತ್ತೊಂದು ಕ್ಯಾನ್ಸರ್ ಮರಳದಂತೆ ಕಾಯುವ ಮಾತ್ರೆ. ಮೂರೂ ಒಂದೇ ಕುಲದವು. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಕೆಲಸಕ್ಕೆ ಅಡ್ಡ ನಿಲ್ಲುವ ಇವನ್ನು ಈಸ್ಟ್ರೋಜೆನ್ ವಿರೋಧಿಗಳು ಎನ್ನುತ್ತಾರೆ. ಮೂರರ ಗುಣವೂ ಮೊದಲು ಬಯಲಾದದ್ದು ಪ್ರಯೋಗಾಲಯದ ಇಲಿಗಳಲ್ಲಿ. ಇಲಿ ಹೇಳಿದ್ದೆಲ್ಲ ಹೆಣ್ಣಿನ ದೇಹದಲ್ಲಿ ಹಾಗೆಯೇ ನಡೆಯಲಿಲ್ಲ. ಕೆಲವು ಕಡೆ ನೇರ ವಿರುದ್ಧವಾಗಿ ನಡೆಯಿತು. ‘ಇಲಿಗಳ ಮೇಲೆ ಪ್ರಯೋಗದಿಂದ ಸಾಬೀತು’ ಎಂಬ ಮಾತು ಪತ್ರಿಕೆಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ, ನಾಟಿ ಔಷಧಿಯ ಡಬ್ಬಿಯ ಮೇಲೆ ದಿನವೂ ಕಾಣುವ ಈ ಕಾಲದಲ್ಲಿ, ಆ ಸಾಬೀತಿನ ಬೆಲೆ ಎಷ್ಟು ಎಂದು ಅಳೆಯಲು ಬರಬೇಕು. ಅದಕ್ಕೆ ಇಲಿಯ ಬೆದೆಯಿಂದಲೇ ಶುರುಮಾಡಬೇಕು.

ದನ ಸಾಕಿದವರಿಗೆ ಬೆದೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಹೊತ್ತು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಹೆಂಗಸಿನ ತಿಂಗಳ ಚಕ್ರ ಸುಮಾರು 28 ದಿನದ್ದು. ಬಿಳಿ ಇಲಿಯ ಬೆದೆ ಚಕ್ರ ನಾಲ್ಕೈದು ದಿನಕ್ಕೇ ಮುಗಿಯುತ್ತದೆ. ಹೆಂಗಸಿನ ಒಂದು ತಿಂಗಳಲ್ಲಿ ಇಲಿಯ ಆರೇಳು ಚಕ್ರಗಳು ಕಣ್ಣಮುಂದೆ ಸರಿದು ಹೋಗುತ್ತವೆ. ಮದ್ದೊಂದು ಈ ಲಯವನ್ನು ಕೆಡಿಸುತ್ತದೋ ಇಲ್ಲವೋ ಎಂದು ತಿಳಿಯಲು ವಿಜ್ಞಾನಿ ಇಲಿಯನ್ನೇ ಹಿಡಿದ ಮುಖ್ಯ ಕಾರಣ ಇದು.

ಚಕ್ರ ಯಾವ ಹಂತದಲ್ಲಿದೆ ಎಂದು ತಿಳಿಯಲು ಇಲಿಯನ್ನು ಕೊಯ್ಯಬೇಕಿಲ್ಲ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ, ಡ್ರಾಪರಿನಲ್ಲಿ ಒಂದೆರಡು ಹನಿ ಉಪ್ಪುನೀರನ್ನು ಯೋನಿಯೊಳಕ್ಕೆ ಬಿಟ್ಟು ಹಿಂದಕ್ಕೆ ಎಳೆದುಕೊಂಡು, ಗಾಜಿನ ಸ್ಲೈಡಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಬೆದೆಗೆ ಮುಂಚಿನ ದಿನ ನಡುವೆ ಕಣಕೇಂದ್ರವಿರುವ ದುಂಡನೆಯ ಕಣಗಳು ಕಾಣುತ್ತವೆ. ಬೆದೆಯ ದಿನ ಕಣಕೇಂದ್ರ ಕಳೆದುಕೊಂಡು ಸೆಟೆದ, ಹಪ್ಪಳೆಯಂತಹ ಕಣಗಳ ರಾಶಿ. ಮರುದಿನ ಅವುಗಳ ನಡುವೆ ಬಿಳಿ ರಕ್ತಕಣಗಳು ನುಗ್ಗಿರುತ್ತವೆ. ಆಮೇಲಿನ ವಿರಾಮದ ಹಂತದಲ್ಲಿ ಬಿಳಿ ರಕ್ತಕಣಗಳದ್ದೇ ದರಬಾರು. 1917ರಲ್ಲಿ ನ್ಯೂಯಾರ್ಕಿನ ಸ್ಟಾಕರ್ಡ್ ಮತ್ತು ಪಾಪನಿಕೊಲೌ ಎಂಬ ಇಬ್ಬರು ಗಿನಿ ಹಂದಿಗಳಲ್ಲಿ ಈ ದಾರಿ ಕಂಡುಕೊಂಡರು. 1922ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಮತ್ತು ಇವಾನ್ಸ್ ಇಲಿಯ ಚಕ್ರವನ್ನು ಸಂಪೂರ್ಣವಾಗಿ ದಾಖಲಿಸಿದರು. ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಹಿಡಿಯಲು ಇವತ್ತು ಮಾಡುವ ಪ್ಯಾಪ್ ಪರೀಕ್ಷೆಗೆ ಹೆಸರು ಬಂದದ್ದು ಅದೇ ಪಾಪನಿಕೊಲೌ ಅವರಿಂದ. ಗಿನಿ ಹಂದಿಯ ಮೇಲೆ ಕಲಿತ ವಿದ್ಯೆ ಹೆಂಗಸರ ಜೀವ ಉಳಿಸುವ ಪರೀಕ್ಷೆಯಾಯಿತು.

ಈ ಕಣಗಳ ವೇಷ ಬದಲಿಸುವುದು ಈಸ್ಟ್ರೋಜೆನ್. ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತ ಕೋಶಕ ಬೆಳೆಯುತ್ತ ಹೋದಂತೆ ರಕ್ತದಲ್ಲಿ ಈಸ್ಟ್ರೋಜೆನ್ ಏರುತ್ತದೆ. ಗರ್ಭಕೋಶ ನೀರು ತುಂಬಿ ಊದುತ್ತದೆ, ಯೋನಿಯ ಒಳಪದರ ದಪ್ಪವಾಗುತ್ತದೆ, ಮಿದುಳಿಗೆ ‘ಇಲ್ಲಿ ಸಿದ್ಧವಾಗಿದೆ’ ಎಂಬ ಸುದ್ದಿ ಮುಟ್ಟುತ್ತದೆ. ಆಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಒಮ್ಮೆಲೇ ಹರಿಯಬಿಡುತ್ತದೆ. ಅಂಡಾಣು ಹೊರಬರುವುದು ಆ ಹೊಡೆತಕ್ಕೆ. ಇಲಿಯಲ್ಲಿ ಈ ಹೊಡೆತಕ್ಕೆ ಗಡಿಯಾರವಿದೆ. ಬೆದೆಯ ಹಿಂದಿನ ಮಧ್ಯಾಹ್ನವೇ ಅದು ಬರಬೇಕು. 1950ರಲ್ಲಿ ಅಮೆರಿಕದ ಎವರೆಟ್ ಮತ್ತು ಸಾಯರ್, ಆ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಇಲಿಗೆ ನಿದ್ರೆಮದ್ದು ಕೊಟ್ಟು ನೋಡಿದರು. ಅಂಡಾಣು ಹೊರಬರುವುದು ಒಂದೆರಡು ಗಂಟೆ ತಡವಾಗಲಿಲ್ಲ, ಸರಿಯಾಗಿ ಒಂದು ದಿನ ಮುಂದಕ್ಕೆ ಹೋಯಿತು. ಹೆಣ್ಣಿಲಿಯ ಸಂತಾನ ಹಗಲು ಇರುಳಿನ ಲೆಕ್ಕಕ್ಕೆ ಇಷ್ಟು ಬಿಗಿಯಾಗಿ ಕಟ್ಟಿಕೊಂಡಿದೆ. ಹೆಂಗಸಿನ ದೇಹ ಹೀಗೆ ಗಂಟೆ ನೋಡಿ ನಡೆಯುವುದಿಲ್ಲ. ಮುಂದೆ ಹೇಳುವ ಹಲವು ಸಂಗತಿಗಳಿಗೆ ಈ ಒಂದು ವ್ಯತ್ಯಾಸವೇ ಬುನಾದಿ.

ಈಸ್ಟ್ರೋಜೆನ್ ಕೆಲಸ ಮಾಡಬೇಕಾದರೆ ಜೀವಕಣದೊಳಗಿನ ಒಂದು ಪ್ರೋಟೀನಿಗೆ ಅಂಟಿಕೊಳ್ಳಬೇಕು. ಅದನ್ನು ಗ್ರಾಹಕ ಎನ್ನುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಗ್ರಾಹಕ ನಾಲೆಯ ತೂಬು, ಈಸ್ಟ್ರೋಜೆನ್ ಅದನ್ನು ಎತ್ತುವ ನೀರುಗಂಟಿ. ಈಸ್ಟ್ರೋಜೆನ್ ವಿರೋಧಿ ಬಂದು ತೂಬಿನ ಮೇಲೆ ತಾನು ಕೂತುಬಿಡುತ್ತದೆ. ನೀರುಗಂಟಿಗೆ ಜಾಗವಿಲ್ಲ. ಆದರೆ ಕೂತವನು ತೂಬನ್ನು ಪೂರ್ತಿ ಮುಚ್ಚುತ್ತಾನೋ, ಸ್ವಲ್ಪ ಎತ್ತಿ ಬಿಡುತ್ತಾನೋ ಎಂಬುದು ಅದು ಯಾವ ಊರಿನ ತೂಬು ಎಂಬುದರ ಮೇಲೆ ನಿಂತಿದೆ. ಸ್ತನದಲ್ಲಿ ಮುಚ್ಚಿದವನೇ ಗರ್ಭಕೋಶದಲ್ಲಿ ಅರ್ಧ ತೆರೆಯಬಹುದು. ಇಲಿಯಲ್ಲಿ ಮುಚ್ಚಿದವನೇ ಅದಕ್ಕಿಂತ ಸಣ್ಣ ಜಾತಿಯಾದ ಚಿಟ್ಟಿಲಿಯಲ್ಲಿ (ಮೌಸ್) ತೆರೆಯಬಹುದು.

ಬೆದೆ ಸರಿಯಾಗಿ ಬರುತ್ತಿರುವ ಇಲಿಗೆ ಇಂಥ ಮದ್ದು ಕೊಟ್ಟಾಗ ಸ್ಲೈಡಿನಲ್ಲಿ ಆಗುವ ಬದಲಾವಣೆ ಸ್ಪಷ್ಟ. ಸೆಟೆದ ಕಣಗಳ ದಿನ ಬರುವುದೇ ಇಲ್ಲ. ವಿರಾಮದ ಹಂತ ಎಳೆಯುತ್ತ ಹೋಗುತ್ತದೆ. ಮಿದುಳಿಗೆ ಈಸ್ಟ್ರೋಜೆನಿನ ಸುದ್ದಿ ಮುಟ್ಟದೆ ಎಲ್‌ಎಚ್ ಹೊಡೆತ ತಪ್ಪುತ್ತದೆ, ಅಂಡಾಣು ಹೊರಬರುವುದಿಲ್ಲ. ಮದ್ದು ನಿಲ್ಲಿಸಿದ ಮೇಲೆ ಚಕ್ರ ಮರಳುತ್ತದೆಯೇ ಎಂಬುದನ್ನೂ ಒಳ್ಳೆಯ ಪ್ರಯೋಗಕಾರ ನೋಡುತ್ತಾನೆ. ಮದ್ದು ಕೊಡುವ ಮುನ್ನ ಎರಡು ಮೂರು ಚಕ್ರ ಸರಿಯಾಗಿ ಬಂದಿದ್ದವೇ ಎಂದು ಖಚಿತಪಡಿಸಿಕೊಂಡೇ ಆ ಇಲಿಯನ್ನು ಪ್ರಯೋಗಕ್ಕೆ ತೆಗೆದುಕೊಳ್ಳುತ್ತಾನೆ. ಇನ್ನೊಂದು ಪರೀಕ್ಷೆ ಗರ್ಭಕೋಶದ ತೂಕದ್ದು. ಅಂಡಾಶಯ ತೆಗೆದ ಇಲಿಗೆ ಈಸ್ಟ್ರೋಜೆನ್ ಕೊಟ್ಟರೆ ಮೂರು ದಿನದಲ್ಲಿ ಗರ್ಭಕೋಶದ ತೂಕ ಏರುತ್ತದೆ. ಜೊತೆಗೆ ವಿರೋಧಿಯನ್ನೂ ಕೊಟ್ಟರೆ ಏರುವುದಿಲ್ಲ. ಹಲವು ದೇಶಗಳು ಒಪ್ಪಿಕೊಂಡ ಪರೀಕ್ಷಾ ನಿಯಮವಾಗಿ 2007ರಲ್ಲಿ ಇದು ಬಂತು. ಇಲಿಗೆ ಹಾಕುವ ಮೇವಿನಲ್ಲಿ ಸೋಯಾ ಹೆಚ್ಚಿದ್ದರೆ ಅದರಲ್ಲೇ ಇರುವ ಈಸ್ಟ್ರೋಜೆನಿನಂಥ ಪದಾರ್ಥಗಳು ಲೆಕ್ಕ ತಪ್ಪಿಸುತ್ತವೆ ಎಂದು ಮೇವಿನ ಮೇಲೂ ಕಣ್ಣಿಡಬೇಕಾಗುತ್ತದೆ.

ಈಗ ಇತಿಹಾಸಕ್ಕೆ ಬರೋಣ. 1958ರಲ್ಲಿ ಅಮೆರಿಕದ ಲಿಯೊನಾರ್ಡ್ ಲರ್ನರ್ ಮತ್ತು ಸಂಗಡಿಗರು ಎಂಇಆರ್-25 ಎಂಬ ಸಂಯುಕ್ತವನ್ನು ಲೋಕಕ್ಕೆ ಪರಿಚಯಿಸಿದರು. ಸ್ಟೆರಾಯ್ಡ್ ಅಲ್ಲದ ಮೊದಲ ಈಸ್ಟ್ರೋಜೆನ್ ವಿರೋಧಿ ಅದು. ಇಲಿಗಳಲ್ಲಿ ಬಸಿರು ತಡೆಯಿತು. ಮನುಷ್ಯರಲ್ಲಿ ಮನಸ್ಸಿನ ಸ್ಥಿಮಿತಕ್ಕೇ ತೊಂದರೆ ಕೊಟ್ಟಿದ್ದರಿಂದ ಕೈಬಿಟ್ಟರು. ಅದರ ಹಿಂದೆಯೇ ಬಂದದ್ದು ಕ್ಲೋಮಿಫೀನ್. ಇದೂ ಇಲಿಯಲ್ಲಿ ಸಂತಾನ ತಡೆಯುವ ಮದ್ದೇ. ಆದರೆ 1961ರಲ್ಲಿ ಜಾರ್ಜಿಯಾದ ವೈದ್ಯ ರಾಬರ್ಟ್ ಗ್ರೀನ್‌ಬ್ಲಾಟ್ ಮತ್ತು ಸಂಗಡಿಗರು ಮುಟ್ಟು ನಿಂತುಹೋಗಿದ್ದ ಹೆಂಗಸರಿಗೆ ಇದನ್ನು ಕೊಟ್ಟಾಗ ಅಂಡಾಣು ಬಿಡುಗಡೆಯಾಗತೊಡಗಿತು. ಬಸಿರು ತಡೆಯಬೇಕಿದ್ದದ್ದು ಬಸಿರಿಗೆ ದಾರಿ ಮಾಡಿಕೊಟ್ಟಿತು. 1967ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಬಂಜೆತನದ ಮದ್ದಾಗಿ.

ಇದರ ಹಿಂದಿನ ಕಾರಣವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಈಸ್ಟ್ರೋಜೆನ್ ಮಿದುಳಿಗೆ ಎರಡು ರೀತಿ ಮಾತಾಡುತ್ತದೆ. ಸ್ವಲ್ಪ ಸ್ವಲ್ಪ ಇದ್ದಾಗ ‘ಸಾಕು, ಕೋಶಕ ಬೆಳೆಸುವ ಹಾರ್ಮೋನನ್ನು ಹೆಚ್ಚು ಕಳಿಸಬೇಡ’ ಎನ್ನುತ್ತದೆ. ಏರಿ ಉಕ್ಕಿದಾಗ ‘ಈಗ ಹೊಡೆತ ಕೊಡು’ ಎನ್ನುತ್ತದೆ. ವೈದ್ಯರು ಹೆಂಗಸಿಗೆ ಕ್ಲೋಮಿಫೀನ್ ಕೊಡುವುದು ಮುಟ್ಟಿನ ಚಕ್ರದ ಮೊದಲ ದಿನಗಳಲ್ಲಿ, ಸಾಮಾನ್ಯವಾಗಿ ಐದು ದಿನ. ಆಗ ತಡೆಯಾಗುವುದು ‘ಸಾಕು’ ಎಂಬ ಮಾತು. ಮಿದುಳಿಗೆ ಈಸ್ಟ್ರೋಜೆನ್ ಇಲ್ಲವೆಂಬ ಭ್ರಮೆ ಹುಟ್ಟಿ, ಅದು ಹಾರ್ಮೋನನ್ನು ಹೆಚ್ಚು ಕಳಿಸುತ್ತದೆ, ಕೋಶಕ ಬೆಳೆಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಉಕ್ಕಿದ ಈಸ್ಟ್ರೋಜೆನ್ ತನ್ನ ಎರಡನೆಯ ಮಾತು ಹೇಳಲು ದಾರಿ ಸಿಗುತ್ತದೆ. ನಾಲ್ಕು ದಿನದ ಚಕ್ರದ ಇಲಿಯಲ್ಲಿ ಇಷ್ಟು ಬಿಡುವಿಲ್ಲ. ದಿನವೂ ಕೊಟ್ಟ ಮದ್ದು ಎರಡನೆಯ ಮಾತನ್ನೇ ನುಂಗಿಹಾಕುತ್ತದೆ. ಮದ್ದು ಒಂದೇ ಆದರೂ ಕೊಟ್ಟ ದಿನ ಬೇರೆಯಾದರೆ ಫಲವೂ ಬೇರೆ.

ಟ್ಯಾಮಾಕ್ಸಿಫೆನ್ನಿನ ಕಥೆಯೂ ಇದೇ ದಾರಿಯದು. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ 1962ರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದರು. ಆರ್ಥರ್ ವಾಲ್‌ಪೋಲ್ ಮತ್ತು ಮೈಕೇಲ್ ಹಾರ್ಪರ್ ಅದನ್ನು ಇಲಿಗಳಲ್ಲಿ ಪರೀಕ್ಷಿಸಿದಾಗ ಕೂಡಿಕೆಯ ನಂತರ ಕೊಟ್ಟರೂ ಬಸಿರು ಕಟ್ಟಲಿಲ್ಲ. ಗರ್ಭನಿರೋಧಕವೊಂದು ಸಿಕ್ಕಿತೆಂಬ ಆಸೆ ಹುಟ್ಟಿತು. ಆದರೆ ಹೆಂಗಸರಲ್ಲಿ ಅದು ಕ್ಲೋಮಿಫೀನಿನಂತೆ ಅಂಡಾಣು ಬಿಡುಗಡೆಯನ್ನೇ ಪ್ರಚೋದಿಸಿತು. ಗರ್ಭನಿರೋಧಕವಾಗಿ ಸೋತ ಆ ಮದ್ದು 1973ರಲ್ಲಿ ಬ್ರಿಟನ್ನಿನಲ್ಲಿ ಸ್ತನ ಕ್ಯಾನ್ಸರಿನ ಮದ್ದಾಗಿ ಒಪ್ಪಿಗೆ ಪಡೆಯಿತು. ಕ್ರೇಗ್ ಜಾರ್ಡನ್ ಎಂಬ ವಿಜ್ಞಾನಿ ಇದರ ಮೇಲೆ ದಶಕಗಳ ಕಾಲ ದುಡಿದರು. ಇಲಿಯ ಗರ್ಭಕೋಶದಲ್ಲಿ ವಿರೋಧಿಯಾಗಿ ನಿಲ್ಲುವ ಟ್ಯಾಮಾಕ್ಸಿಫೆನ್ ಚಿಟ್ಟಿಲಿಯಲ್ಲಿ ಈಸ್ಟ್ರೋಜೆನಿನಂತೆಯೇ ವರ್ತಿಸುತ್ತದೆ. ನೋಡಲು ಅಣ್ಣತಮ್ಮಂದಿರಂತಿರುವ ಎರಡು ಪ್ರಾಣಿಗಳು ಒಂದೇ ಮದ್ದಿಗೆ ಎರಡು ಉತ್ತರ ಕೊಟ್ಟವು. ಹೆಣ್ಣಿನ ಒಂದೇ ದೇಹದಲ್ಲಿ ಅದು ಸ್ತನಕ್ಕೆ ವಿರೋಧಿ, ಮೂಳೆಗೆ ಮತ್ತು ಗರ್ಭಕೋಶದ ಒಳಪದರಕ್ಕೆ ಈಸ್ಟ್ರೋಜೆನಿನ ನಂಟ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವ ಹೆಂಗಸಿಗೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಕ್ಷಣ ಬಂದು ತೋರಿಸಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ.

ಕನ್ನಡ ನಾಡಿನ ಪ್ರಯೋಗಾಲಯಗಳಿಗೂ ಈ ಕಥೆಗೂ ನೇರ ನಂಟಿದೆ. ಅದು ನಮ್ಮ ಹಿತ್ತಿಲ ದಾಸವಾಳದ ಮೂಲಕ ಬಂದದ್ದು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಡಾ. ಕೆ.ಎನ್. ಉಡುಪ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು. ಅಲ್ಲಿ ಎಸ್.ಡಿ. ಖೋಲ್ಕುಟೆ ಅವರ ಜೊತೆ ಸೇರಿ, ಕೆಂಪು ದಾಸವಾಳದ ಹೂವಿನಿಂದ ಬೆಂಜೀನಿನಲ್ಲಿ ತೆಗೆದ ಸಾರಕ್ಕೆ ಈಸ್ಟ್ರೋಜೆನ್ ವಿರೋಧಿ ಗುಣವಿದೆ ಎಂದು 1976ರಲ್ಲಿ ಪ್ರಕಟಿಸಿದರು. ಇಲಿಗಳ ಬೆದೆ ಚಕ್ರದ ಮೇಲೆ, ಸಂತಾನದ ಅಂಗಗಳ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನೂ ಅವರ ತಂಡ ಅದೇ ವರ್ಷ ಬರೆಯಿತು. ಗಿಡದ ಯಾವ ಭಾಗ, ಯಾವ ಋತುವಿನಲ್ಲಿ ಕೊಯ್ದದ್ದು ಎಂಬ ಪ್ರಶ್ನೆಗಳನ್ನೂ ಬಿಡಲಿಲ್ಲ. ಖೋಲ್ಕುಟೆ ಅವರು ಮುಂದೆ ಬೆಳಗಾವಿಯಲ್ಲಿರುವ ಐಸಿಎಂಆರ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

ಎರಡು ದಶಕ ಕಳೆದ ಮೇಲೆ, 1997ರಲ್ಲಿ, ಗುಲ್ಬರ್ಗಾ ವಿಶ್ವವಿದ್ಯಾಲಯದ ಮೂರ್ತಿ, ರೆಡ್ಡಿ, ಪಾಟೀಲ ಎಂಬ ಮೂವರು ಪ್ರಾಣಿಶಾಸ್ತ್ರಜ್ಞರು ಅದೇ ದಾಸವಾಳದ ಬೆಂಜೀನ್ ಸಾರವನ್ನು ಬಿಳಿ ಚಿಟ್ಟಿಲಿಗಳಲ್ಲಿ ಪರೀಕ್ಷಿಸಿದರು. ದೇಹತೂಕದ ಪ್ರತಿ ಕಿಲೋಗೆ 125 ಮತ್ತು 250 ಮಿಲಿಗ್ರಾಂ ಪ್ರಮಾಣದಲ್ಲಿ, ಹೊಟ್ಟೆಯೊಳಕ್ಕೆ ಸೂಜಿಯಿಂದ ಕೊಟ್ಟರು. ಬೆದೆ ಚಕ್ರದ ಲಯ ತಪ್ಪಿತು. ಅಂಡಾಣು ಹೊರಬಂದ ಗುರುತು ಅಂಡಾಶಯದಲ್ಲಿ ಸಿಗಲಿಲ್ಲ. ಇಲ್ಲಿಯವರೆಗೆ ಬನಾರಸಿನ ದಾರಿಯೇ ಎನ್ನಿಸುತ್ತದೆ. ಆದರೆ ಈ ಚಿಟ್ಟಿಲಿಗಳಲ್ಲಿ ಎಳೆದದ್ದು ವಿರಾಮದ ಹಂತವಲ್ಲ, ಬೆದೆಯ ಹಂತವೇ. ಇನ್ನೂ ಪ್ರಾಯಕ್ಕೆ ಬಾರದ ಮರಿಗಳಲ್ಲಿ ಗರ್ಭಕೋಶದ ತೂಕ ಏರಿತು. ಸಾರಕ್ಕೆ ಈಸ್ಟ್ರೋಜೆನಿನ ಗುಣವೇ ಇದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಒಂದೇ ಹೂವಿಗೆ ಒಂದು ಪ್ರಯೋಗಾಲಯ ಈಸ್ಟ್ರೋಜೆನ್ ವಿರೋಧಿ ಎಂದಿತು, ಇನ್ನೊಂದು ಈಸ್ಟ್ರೋಜೆನ್ ಎಂದಿತು.

ಇಬ್ಬರಲ್ಲಿ ಒಬ್ಬರು ತಪ್ಪು ಎಂದು ತೀರ್ಪು ಕೊಡುವ ಅವಸರ ಬೇಡ. ಹೂವಿನ ಸಾರ ಎಂದರೆ ಹತ್ತಾರು ರಾಸಾಯನಿಕಗಳ ಗುಂಪು. ಬೆಳೆದ ನೆಲ, ಕೊಯ್ದ ಕಾಲ, ಸಾರ ತೆಗೆದ ಬಗೆ, ಬಾಯಿಯಿಂದ ಕೊಟ್ಟದ್ದೋ ಸೂಜಿಯಿಂದ ಕೊಟ್ಟದ್ದೋ, ಪ್ರಾಣಿ ಯಾವುದು, ಎಷ್ಟು ದಿನ ಎಂಬ ಒಂದೊಂದೂ ಉತ್ತರವನ್ನು ತಿರುಗಿಸಬಲ್ಲದು. ಟ್ಯಾಮಾಕ್ಸಿಫೆನ್ನಿನಂಥ ಶುದ್ಧವಾದ ಒಂದೇ ಅಣುವೇ ಇಲಿಗೂ ಚಿಟ್ಟಿಲಿಗೂ ಬೇರೆ ಬೇರೆ ಮುಖ ತೋರಿಸಿದೆ ಎಂದಮೇಲೆ ಹೂವಿನ ಸಾರದ ಪಾಡೇನು? ಪ್ರಮಾಣದ ಲೆಕ್ಕವೂ ಸುಲಭದ್ದಲ್ಲ. ಚಿಟ್ಟಿಲಿಯ 250 ಮಿಲಿಗ್ರಾಂ ಅನ್ನು 60 ಕಿಲೋ ತೂಕದ ಹೆಂಗಸಿಗೆ ನೇರವಾಗಿ ಗುಣಿಸಿದರೆ 15 ಗ್ರಾಂ ಸಾರವಾಗುತ್ತದೆ. ಔಷಧ ವಿಜ್ಞಾನಿಗಳು ಹಾಗೆ ಗುಣಿಸುವುದಿಲ್ಲ. ಸಣ್ಣ ಪ್ರಾಣಿ ಮದ್ದನ್ನು ಬೇಗ ಕರಗಿಸಿ ಹೊರಹಾಕುವುದರಿಂದ ದೇಹದ ಮೇಲ್ಮೈ ಲೆಕ್ಕ ಹಿಡಿದು, ಚಿಟ್ಟಿಲಿಯ ಪ್ರಮಾಣವನ್ನು ಸುಮಾರು 12ರಿಂದ, ಇಲಿಯದನ್ನು ಸುಮಾರು 6ರಿಂದ ಭಾಗಿಸುತ್ತಾರೆ. ಆಗ ಅದು ಒಂದು ಗ್ರಾಂ ಚಿಲ್ಲರೆಗೆ ಇಳಿಯುತ್ತದೆ. ಅದೂ ಬರೀ ಅಂದಾಜಿನ ಮೊದಲ ಮೆಟ್ಟಿಲು. ಬೆಂಜೀನಿನಲ್ಲಿ ತೆಗೆದ ಸಾರಕ್ಕೂ ನಾವು ಬೆಳಿಗ್ಗೆ ಕುದಿಸಿ ಕುಡಿಯುವ ಹೂವಿನ ಕಷಾಯಕ್ಕೂ ಹೋಲಿಕೆ ಕಡಿಮೆ. ‘ದಾಸವಾಳ ತಿಂದರೆ ಮಕ್ಕಳಾಗುವುದಿಲ್ಲ’ ಎಂದು ಅದನ್ನೇ ನಂಬಿ ಕೂತ ಹೆಣ್ಣಿಗೆ ಬೇಡದ ಬಸಿರು ನಿಂತರೆ ಅದರ ಹೊರೆ ಹೊರುವವಳು ಅವಳೊಬ್ಬಳೇ. ಪ್ರಾಣಿಗಳಲ್ಲಿ ಬೆದೆಯ ಲಯ ಕೆಡಿಸಿದ ಸಾರವನ್ನು ಮುಟ್ಟು ಸರಿಯಾಗಲೆಂದು ತಿಂಗಳುಗಟ್ಟಲೆ ಯಾರಿಗಾದರೂ ಕುಡಿಸುವುದೂ ಅಷ್ಟೇ ಅಪಾಯ.

ಇಲಿ ಮತ್ತು ಹೆಣ್ಣಿನ ನಡುವಿನ ಈ ಕಂದಕಕ್ಕೆ ಸೇತುವೆ ಕಟ್ಟುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಪ್ರೊ. ಎನ್.ಆರ್. ಮೌದ್ಗಲ್ ಅವರು ಅಲ್ಲಿ ಬಾನೆಟ್ ಕೋತಿಗಳ ಮೇಲೆ ಸಂತಾನ ವಿಜ್ಞಾನದ ದೊಡ್ಡ ಅಧ್ಯಯನ ಪರಂಪರೆಯನ್ನೇ ಕಟ್ಟಿದರು. ಮೇಲುಕೋಟೆಯ ಮೆಟ್ಟಿಲುಗಳಲ್ಲಿ ಭಕ್ತರ ಕೈಯಿಂದ ಬಾಳೆಹಣ್ಣು ಕಸಿಯುವ ಕೋತಿಗಳ ಜಾತಿಯೇ ಅದು. ತಿಂಗಳ ಚಕ್ರ, ಮುಟ್ಟು, ಒಂದೇ ಮರಿ, ಎಲ್ಲದರಲ್ಲೂ ಮನುಷ್ಯನಿಗೆ ಇಲಿಗಿಂತ ಹತ್ತಿರ. ಅವರ ಮುಂದಿದ್ದ ಪ್ರಶ್ನೆ ಹೀಗಿತ್ತು: ಇಲಿಯಲ್ಲಿ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಬೇಕಾದರೆ ಬಸಿರಿನ ನಾಲ್ಕನೆಯ ದಿನ ಈಸ್ಟ್ರೋಜೆನಿನ ಒಂದು ಸಣ್ಣ ಅಲೆ ಬರಲೇಬೇಕು. ಅದನ್ನು ತಡೆದರೆ ಭ್ರೂಣ ನೆಲೆ ನಿಲ್ಲುವುದಿಲ್ಲ. ಹ್ಯಾಮ್‌ಸ್ಟರ್ ಎಂಬ ಇನ್ನೊಂದು ದಂಶಕಕ್ಕೆ ಆ ಅಲೆ ಬೇಕಾಗಿಲ್ಲ, ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನು ಸಾಕು. ಹಾಗಾದರೆ ಕೋತಿಗೆ? 1987ರಲ್ಲಿ ಎನ್. ರವೀಂದ್ರನಾಥ್ ಮತ್ತು ಮೌದ್ಗಲ್ ಅವರು ಕೂಡಿಕೆಯಾದ ಹೆಣ್ಣು ಬಾನೆಟ್ ಕೋತಿಗಳಿಗೆ ಟ್ಯಾಮಾಕ್ಸಿಫೆನ್ ಕೊಟ್ಟಾಗ ಬಸಿರು ಕಟ್ಟಲಿಲ್ಲ ಎಂದು ಪ್ರಕಟಿಸಿದರು. ಮೊದಲ ದಿನಗಳ ಬಸಿರಿಗೆ ಈಸ್ಟ್ರೋಜೆನ್ ಬೇಕು ಎಂಬುದು ಅವರ ವಾದ. 1994ರಲ್ಲಿ ದೆಹಲಿಯ ಏಮ್ಸ್‌ನ ವಿಜ್ಞಾನಿಗಳು ರೀಸಸ್ ಕೋತಿಗಳಲ್ಲಿ, ಅಂಡಾಶಯದ ಈಸ್ಟ್ರೋಜೆನ್ ಇಲ್ಲದೆಯೂ ಭ್ರೂಣ ನೆಲೆಯೂರಬಲ್ಲದು ಎಂದು ತೋರಿಸಿದರು. ನಮ್ಮ ದೇಶದ ಎರಡು ದೊಡ್ಡ ಸಂಸ್ಥೆಗಳ ನಡುವಿನ ಈ ವಾದ ಪ್ರತಿವಾದ ವಿಜ್ಞಾನದ ಆರೋಗ್ಯದ ಗುರುತು. ಇಲಿಯ ಉತ್ತರವನ್ನು ಕಣ್ಣುಮುಚ್ಚಿ ಮನುಷ್ಯರಿಗೆ ಹಚ್ಚದೆ, ಕೋತಿಯ ಉತ್ತರವನ್ನೂ ಇನ್ನೊಂದು ಜಾತಿಯ ಕೋತಿಯಲ್ಲಿ ಪರೀಕ್ಷಿಸಿ ನೋಡಿದ ಶಿಸ್ತು ಅದು.

ಛಾಯಾ ಮಾತ್ರೆ ಹುಟ್ಟಿದ್ದು ಇದೇ ಶಿಸ್ತಿನಿಂದ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ 1951ರಲ್ಲಿ ಶುರುವಾಗಿ, ದಶಕಗಳ ಕಾಲ ಗೋಮತಿ ನದಿಯ ದಡದ ಛತ್ತರ್ ಮಂಜಿಲ್ ಎಂಬ ನವಾಬರ ಅರಮನೆಯಲ್ಲೇ ನಡೆಯಿತು. ನಿತ್ಯ ಆನಂದ್, ಸುಪ್ರಭಾತ್ ರೇ, ವೇದ್ ಪ್ರಕಾಶ್ ಕಂಬೋಜ್ ಮುಂತಾದವರ ಕೈಯಲ್ಲಿ ರೂಪುಗೊಂಡ, ಛಾಯಾದ ಮೂಲಮದ್ದಾದ ಸೆಂಟ್‌ಕ್ರೋಮನ್ ಅಲ್ಲಿಯ ಇಲಿಗಳಲ್ಲಿ ಕೂಡಿಕೆಯ ನಂತರ ಒಂದೇ ಸಲ ಕೊಟ್ಟರೂ ಬಸಿರು ತಡೆಯಿತು. ಇಲಿಯಿಂದ ಹೆಂಗಸಿನ ತನಕದ ದಾರಿಯಲ್ಲಿ ಬೇರೆ ಪ್ರಾಣಿಗಳು, ಕೋತಿಗಳು, ಆಮೇಲೆ ಮನುಷ್ಯರಲ್ಲಿ ಹಂತ ಹಂತದ ಪರೀಕ್ಷೆಗಳು ಇದ್ದವು. 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 2016ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆಗೆ ಸೇರಿ ‘ಛಾಯಾ’ ಆಯಿತು. ಎರಡು ಹೆಸರಿನ ಮದ್ದು ಒಂದೇ, ಒಂದೊಂದು ಮಾತ್ರೆ 30 ಮಿಲಿಗ್ರಾಂ.

ಟ್ಯಾಮಾಕ್ಸಿಫೆನ್ ಗರ್ಭನಿರೋಧಕವಾಗಿ ಸೋತಲ್ಲಿ ಸೆಂಟ್‌ಕ್ರೋಮನ್ ಗೆದ್ದಿತು. ಅದು ಹೆಂಗಸಿನ ಅಂಡಾಣು ಬಿಡುಗಡೆಯನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಗರ್ಭಕೋಶದ ಒಳಪದರ ಸಿದ್ಧವಾಗುವ ಹೊತ್ತಿಗೂ ಭ್ರೂಣ ಅಲ್ಲಿಗೆ ಬರುವ ಹೊತ್ತಿಗೂ ತಾಳ ತಪ್ಪಿಸುತ್ತದೆ. ದೇಹದಲ್ಲಿ ಅರ್ಧ ಕರಗಲು ಸುಮಾರು ಒಂದು ವಾರ ಹಿಡಿಯುವುದರಿಂದ ವಾರಕ್ಕೊಂದು ಮಾತ್ರೆ ಸಾಕು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬೇಕಾಗುವುದು ರಕ್ತದಲ್ಲಿ ಸಾಕಷ್ಟು ಮಟ್ಟ ಕಟ್ಟಲು. ಇದರಲ್ಲಿ ಸ್ಟೆರಾಯ್ಡ್ ಹಾರ್ಮೋನು ಇಲ್ಲ, ಹಾಲೂಡಿಸುವ ತಾಯಿಯೂ ತೆಗೆದುಕೊಳ್ಳಬಹುದು. ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ ಇರುವವರು, ಇತ್ತೀಚೆಗೆ ಕಾಮಾಲೆ ಬಂದವರು, ಯಕೃತ್ತು, ಮೂತ್ರಪಿಂಡದ ಕಾಯಿಲೆಯವರು ಮೊದಲೇ ವೈದ್ಯರಿಗೆ ಹೇಳಬೇಕು.

ಇಲಿಯ ಪಾಠ ಗದ್ದೆಯಲ್ಲೂ ಬೇಕಾಗುತ್ತದೆ. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ, ಕೆ.ಆರ್. ಪೇಟೆಯ ಮಾಕವಳ್ಳಿಯ ಕಾರ್ಖಾನೆ, ಊರೂರಿನ ಆಲೆಮನೆಗಳು, ಇವೆಲ್ಲ ನಿಂತಿರುವುದು ಕಬ್ಬಿನ ಮೇಲೆ. ಕಬ್ಬು ನೆಟ್ಟ ಹೊಸತರಲ್ಲಿ ಕಳೆ ಏಳದಂತೆ ಹೊಡೆಯುವ ಮದ್ದುಗಳಲ್ಲಿ ಅಟ್ರಜಿನ್ ಪ್ರಮುಖ. ಇದು ಈಸ್ಟ್ರೋಜೆನ್ ಗ್ರಾಹಕಕ್ಕೆ ಅಂಟುವ ವಿರೋಧಿಯಲ್ಲ, ಆದರೆ ಹೆಣ್ಣಿಲಿಯ ಬೆದೆ ಚಕ್ರಕ್ಕೆ ಕೈಹಾಕುತ್ತದೆ. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮಿದುಳಿನಿಂದ ಬರುವ ಸೂಚನೆ ಕುಗ್ಗಿ, ಮಧ್ಯಾಹ್ನದ ಎಲ್‌ಎಚ್ ಹೊಡೆತ ಸಣ್ಣದಾಗುತ್ತದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಸ್ಪ್ರೇಗ್-ಡಾಲಿ ಎಂಬ ತಳಿಯ ಇಲಿಗಳಲ್ಲಿ ವಯಸ್ಸಾದಂತೆ ಬೆದೆಯ ಹಂತವೇ ಎಳೆದು ಸ್ತನದ ಗಡ್ಡೆಗಳು ಬೇಗ ಬಂದವು. ಹೆಂಗಸಿನಲ್ಲಿ ವಯಸ್ಸಾದಾಗ ಮುಟ್ಟು ನಿಲ್ಲುವುದು ಅಂಡಾಶಯ ಬರಿದಾಗಿ, ಆ ತಳಿಯ ಇಲಿಯಲ್ಲಿ ಚಕ್ರ ಕೆಡುವುದು ಮಿದುಳು ದಣಿದು. ಹೀಗಾಗಿ ಆ ಗಡ್ಡೆಯ ದಾರಿ ಮನುಷ್ಯರಿಗೆ ಹೊಂದುವುದಿಲ್ಲ ಎಂದು ಅಲ್ಲಿಯ ನಿಯಂತ್ರಕರು ಹೇಳಿದರು. ಎಲ್‌ಎಚ್ ಕುಗ್ಗುವುದನ್ನು ಮಾತ್ರ ಅಲಕ್ಷಿಸದೆ, ಅದನ್ನೇ ಆಧಾರವಾಗಿಟ್ಟು ಮಿತಿಗಳನ್ನು ಹಾಕಿದರು. ಅಂತರ್ಜಲಕ್ಕೆ ಇಳಿಯುತ್ತದೆಂಬ ಕಾರಣಕ್ಕೆ ಯುರೋಪಿನ ಒಕ್ಕೂಟ ಅಟ್ರಜಿನ್ ಅನ್ನೇ ಕೈಬಿಟ್ಟಿತು. ನಮ್ಮಲ್ಲಿ 2020ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟ 27 ಕೀಟನಾಶಕ, ಕಳೆನಾಶಕಗಳ ಕರಡು ಪಟ್ಟಿಯಲ್ಲಿ ಅದೂ ಇತ್ತು.

ಇಲಿಯನ್ನು ಅರ್ಧ ಓದಿದವನು ಇಲ್ಲಿ ಎರಡು ಬಗೆಯಲ್ಲಿ ಹಾದಿ ತಪ್ಪಬಹುದು. ‘ಅದು ಇಲಿಗಷ್ಟೇ’ ಎಂದು ತಳ್ಳಿಹಾಕಿ ಬರಿಗೈಯಲ್ಲಿ ಮದ್ದು ಕಲಸುವುದು ಒಂದು ಬಗೆ. ‘ಕಬ್ಬಿನ ಗದ್ದೆಯವರಿಗೆಲ್ಲ ಕ್ಯಾನ್ಸರ್ ಖಂಡಿತ’ ಎಂದು ಗಾಬರಿ ಹಬ್ಬಿಸುವುದು ಇನ್ನೊಂದು. ಪೂರ್ತಿ ಓದಿದವನು ಹೇಳುವುದು ಇಷ್ಟು: ಈ ಮದ್ದು ಹೆಣ್ಣು ಪ್ರಾಣಿಯ ಲಯವನ್ನು ಮುಟ್ಟಬಲ್ಲದು ಎಂಬುದಕ್ಕೆ ಪುರಾವೆ ಇದೆ. ಬಸುರಿಯರು, ಬಾಣಂತಿಯರು ಅದನ್ನು ಸಿಂಪಡಿಸುವ ಗದ್ದೆಯಿಂದ ದೂರವಿರಲಿ, ಡಬ್ಬಿಯನ್ನು ಬಾವಿಕಟ್ಟೆಯಲ್ಲಿ ತೊಳೆಯಬೇಡಿ, ಕುಡಿಯುವ ನೀರಿನ ಪರೀಕ್ಷೆಗೆ ಪಂಚಾಯಿತಿಯನ್ನು ಒತ್ತಾಯಿಸಿ.

ಹಾಗಾದರೆ ‘ಇಲಿಗಳ ಮೇಲೆ ಸಾಬೀತು’ ಎಂಬ ಸುದ್ದಿ ಕಂಡಾಗ ಏನು ಕೇಳಬೇಕು? ಪ್ರಾಣಿ ಯಾವುದು, ಇಲಿಯೋ ಚಿಟ್ಟಿಲಿಯೋ. ಪ್ರಮಾಣ ಎಷ್ಟು. ಬಾಯಿಯಿಂದಲೋ ಸೂಜಿಯಿಂದಲೋ. ಚಕ್ರದ ಯಾವ ದಿನ, ಎಷ್ಟು ದಿನ. ಕೊನೆಯದಾಗಿ, ಇಲಿಯ ನಂತರ ಯಾರ ಮೇಲೆ ನೋಡಿದರು. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅದು ಸಂಶೋಧನೆಯ ಸುದ್ದಿ, ಚಿಕಿತ್ಸೆಯ ಸುದ್ದಿ ಆಗಿಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೇ ವೈದ್ಯಕೀಯ, ಫಾರ್ಮಸಿ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಹಳ್ಳಿಯ ಪ್ರೌಢಶಾಲೆಗೆ, ಮಹಿಳಾ ಸ್ವಸಹಾಯ ಸಂಘದ ಸಭೆಗೆ ಬಂದು ಈ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಕಲಿಸಿದರೆ ಅದು ದೊಡ್ಡ ಆರೋಗ್ಯ ಸೇವೆಯಾಗುತ್ತದೆ.

ಛಾಯಾ ಮಾತ್ರೆ ಕೊಡುವವರಲ್ಲೂ ಒಂದು ಬೇಡಿಕೆ. ಈ ಮಾತ್ರೆ ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಮುಟ್ಟು ತಡವಾಗಬಹುದು, ಕಡಿಮೆಯಾಗಬಹುದು. ಈಸ್ಟ್ರೋಜೆನಿನ ಕೆಲಸಕ್ಕೆ ಅಡ್ಡ ನಿಲ್ಲುವ ಮದ್ದು ಗರ್ಭಕೋಶದ ಪದರವನ್ನು ಮುಟ್ಟದೆ ಇರುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ತಡವಾದ ಮುಟ್ಟನ್ನು ಬಸಿರೆಂದೋ ಕಾಯಿಲೆಯೆಂದೋ ಹೆದರಿ ಹೆಂಗಸು ಮಾತ್ರೆ ಬಿಟ್ಟುಬಿಡುತ್ತಾಳೆ, ಬೇಡದ ಬಸಿರು ನಿಲ್ಲುತ್ತದೆ. ಮಾತ್ರೆಯ ಜೊತೆ ಐದು ನಿಮಿಷ ಕೂತು, ಏನಾಗುತ್ತದೆ, ಯಾಕಾಗುತ್ತದೆ, ಎಷ್ಟು ದಿನ ತಡವಾದರೆ ಬಂದು ಪರೀಕ್ಷೆ ಮಾಡಿಸಬೇಕು ಎಂದು ಅವಳ ಮಾತಿನಲ್ಲೇ ಹೇಳಿ. ಅವಳು ಒಪ್ಪಿದರೆ ಗಂಡನಿಗೂ ಅತ್ತೆಗೂ ಹೇಳಿ. ಲಖನೌದ ಇಲಿಗಳಿಂದ ಹಿಡಿದು ಸಾವಿರಾರು ಹೆಂಗಸರ ತನಕ ಅಷ್ಟು ವರ್ಷ ನಡೆದ ಪರೀಕ್ಷೆಯ ಫಲ ಕೆ.ಆರ್. ಪೇಟೆಯ ಒಂದು ಮನೆಯಲ್ಲಿ ಕೆಲಸಕ್ಕೆ ಬರುವುದು ಆ ಐದು ನಿಮಿಷದ ಮಾತಿನಿಂದಲೇ.